ಬಿಟ್ಟುಹೋದ ಹನ್ನೊಂದು ಸಾಲು

ಆ ಬೆಳಗ್ಗೆ ಗಾಳಿಯೇ ಇರಲಿಲ್ಲ. ಮೋಡ ಎನ್ನಲು ಮೋಡವಿಲ್ಲ, ಬಿಸಿಲು ಎನ್ನಲು ಬಿಸಿಲಿಲ್ಲ. ಹಾಲು ಕುಡಿದು ತೊಳೆಯದೆ ಇಟ್ಟ ಗಾಜಿನ ಲೋಟದ ಹಾಗೆ ಆಕಾಶ ಒಳಗೊಳಗೇ ಮಸುಕಾಗಿತ್ತು. ಎದುರು ಮನೆಯ ಮಹಡಿಯಲ್ಲಿ ಒಣಗಹಾಕಿದ್ದ ಹೊದಿಕೆ ಅಲುಗದೆ ಗೋಡೆಯಂತೆ ನಿಂತಿತ್ತು. ಅವನು ಹಲ್ಲುಜ್ಜುತ್ತ ಕಿಟಕಿಯ ಬಳಿ ನಿಂತು ಅದನ್ನೇ ನೋಡುತ್ತಿದ್ದ. “ಮಳೆ ಬರೋ ಹಾಗಿದೆಯೇನ್ರೀ?” ಎಂದು ಹೆಂಡತಿ ಒಳಗಿನಿಂದ ಕೇಳಿದಳು. “ಗೊತ್ತಾಗ್ತಿಲ್ಲ” ಎಂದ. “ಕಿಟಕೀಲಿ ನಿಂತೋರು ನೀವು, ಒಲೆ ಮುಂದೆ ನಿಂತೋಳು ನಾನು. ನಾನು ಹೇಳ್ಬೇಕಾ?” ಎಂದಳು. ಮಾತಿನಲ್ಲಿ ಮುನಿಸಿರಲಿಲ್ಲ. ಮೂರು ದಿನದಿಂದ ಗಂಡ ಕೇಳಿದ್ದಕ್ಕೆಲ್ಲ ಗೊತ್ತಾಗ್ತಿಲ್ಲ ಎನ್ನುತ್ತಿರುವುದನ್ನು ಅವಳು ಗಮನಿಸಿದ್ದಳು, ಅಷ್ಟೆ. ಉಪ್ಪು ಸಾಕಾ ಎಂದರೆ ಗೊತ್ತಾಗ್ತಿಲ್ಲ. ತಲೆ ನೋಯ್ತಿದೆಯಾ ಎಂದರೆ ಗೊತ್ತಾಗ್ತಿಲ್ಲ. ನಿಜಕ್ಕೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಬಹಳ ಹೊತ್ತು ಮಡಿಸಿ ಕೂತ ಕಾಲು ಜೋಮು ಹಿಡಿದಾಗ ಅದು ತನ್ನದಲ್ಲ, ಯಾರೋ ಮರೆತು ಹೋದ ಸಾಮಾನು ಅನ್ನಿಸುವುದಿಲ್ಲವೇ, ಹಾಗೆ ಎದೆಯೊಳಗಿನ ಒಂದಷ್ಟು ಜಾಗ ಅವನದಲ್ಲದಂತೆ ಇತ್ತು. ಅಂಗಿಯ ಗುಂಡಿಯನ್ನು ಒಂದು ಕಾಜ ತಪ್ಪಿಸಿ ಹಾಕಿಕೊಂಡಿದ್ದ. ಅವಳು ಬಂದು ಬಿಚ್ಚಿ ಮೇಲಿಂದ ಸರಿಯಾಗಿ ಹಾಕಿದಳು. “ಊರ ತಪ್ಪೆಲ್ಲಾ ಹುಡುಕೋರು. ಸ್ವಂತ ಅಂಗಿ ಮಾತ್ರ ನನ್ನ ಪಾಲಿಗೆ.”

ಊರ ತಪ್ಪು ಹುಡುಕುವುದು ಅವನ ಕಸುಬು. ಇಪ್ಪತ್ತೇಳು ವರ್ಷದಿಂದ ಒಂದೇ ಮುದ್ರಣಾಲಯದ ಒಂದೇ ಕೋಣೆಯಲ್ಲಿ ಕೂತು ಕರಡು ತಿದ್ದುತ್ತಿದ್ದ. ಕೋಣೆಯಲ್ಲಿ ಒಂದು ಮೇಜು, ಎದುರುಬದುರು ಎರಡು ಕುರ್ಚಿ, ಕುತ್ತಿಗೆ ಬಗ್ಗಿಸುವ ದೀಪ, ಒಂದು ಕಿಟಕಿ. ಕಿಟಕಿಯಾಚೆ ಕಾಗದದ ರೀಮುಗಳನ್ನು ಇಳಿಸುವ ಅಂಗಳ. ಬೇರೆ ಕಡೆ ಎಲ್ಲ ಬಿಟ್ಟುಬಿಟ್ಟಿದ್ದ ಹಳೆಯ ಪದ್ಧತಿಯೊಂದನ್ನು ಈ ಮುದ್ರಣಾಲಯದವರು ಇನ್ನೂ ಬಿಟ್ಟಿರಲಿಲ್ಲ: ಕರಡನ್ನು ಇಬ್ಬರು ಕೂತು ಓದಬೇಕು. ಒಬ್ಬರು ಲೇಖಕರ ಹಸ್ತಪ್ರತಿ ಹಿಡಿದು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಟೈಪಾಗಿ ಬಂದ ಕರಡಿನ ಮೇಲೆ ಸಾಲಿಗೊಂದರಂತೆ ಅಡ್ಡಪಟ್ಟಿ ಜರುಗಿಸುತ್ತ, ಕೇಳಿದ್ದೂ ಕಂಡದ್ದೂ ಒಂದೇ ಹೌದೋ ಅಲ್ಲವೋ ಎಂದು ಹೊಂದಿಸಿಕೊಳ್ಳುವುದು. ಓದುವಾಕೆಗೆ ಅರವತ್ತು ಸಮೀಪಿಸಿತ್ತು. ಎಲ್ಲರೂ ಅವರನ್ನು ಓದಮ್ಮ ಎನ್ನುತ್ತಿದ್ದರು. ಅಲ್ಪವಿರಾಮಕ್ಕೆ ಅಲ್ಪ, ಪೂರ್ಣವಿರಾಮಕ್ಕೆ ಪೂರ್ಣ, ಉದ್ಗಾರ ಚಿಹ್ನೆಗೆ ಆಶ್ಚರ್ಯ, ಮಾತು ತೆರೆದರೆ ಕೋಟು, ಮುಚ್ಚಿದರೂ ಕೋಟು. ಪ್ರೇಮಪತ್ರವಾಗಲಿ ಗೊಬ್ಬರದ ಕೈಪಿಡಿಯಾಗಲಿ ಅವರ ದನಿ ಒಂದೇ ಎತ್ತರದಲ್ಲಿ ಹೋಗುತ್ತಿತ್ತು. ಪ್ರತಿ ಕಟ್ಟು ಬಿಚ್ಚುವ ಮೊದಲು ಕಣ್ಣುಮುಚ್ಚಿ, “ಕಣ್ಣಿಗೂ ನಾಲಿಗೆಗೂ ನೀನೇ ಕಾವಲು, ತಂದೆ” ಎಂದು ಹೇಳಿ, ಒಂದು ಗುಟುಕು ಬಿಸಿನೀರು ಕುಡಿದು ಶುರು ಮಾಡುವರು. ಇಷ್ಟು ವರ್ಷ ಅವನೂ ಆ ಕ್ಷಣದಲ್ಲಿ ಕಣ್ಣುಮುಚ್ಚುತ್ತಿದ್ದ. ತನ್ನ ಪಾಲಿನ ಪ್ರಾರ್ಥನೆಯನ್ನೂ ಅವರೇ ಹೇಳಿಬಿಡುತ್ತಾರೆ ಎಂಬ ನೆಮ್ಮದಿ ಅದರಲ್ಲಿತ್ತು. ಮೂರು ದಿನದಿಂದ ಅವನು ಕಣ್ಣು ತೆರೆದೇ ಇಟ್ಟುಕೊಂಡಿದ್ದ.

ಮೂರು ದಿನದಿಂದ ಮೇಜಿನ ಮೇಲಿದ್ದದ್ದು ತಂಗಿಯ ಪುಸ್ತಕ. ತಂಗಿ ಶಾಲೆಯಲ್ಲಿ ಪಾಠ ಹೇಳುವವಳು. ಹಿಂದೆ ಎರಡು ಪುಸ್ತಕ ಬರೆದಿದ್ದಳು, ಒಂದು ಹಕ್ಕಿಗಳದ್ದು, ಒಂದು ಲೆಕ್ಕದ ಆಟಗಳದ್ದು. ಇದು ಕಾದಂಬರಿ, ತೊಂಬತ್ತಾರು ಪುಟ, ಹತ್ತು ವರ್ಷದ ಇಬ್ಬರು ಗೆಳತಿಯರ ಕಥೆ, ಹೆಸರು ‘ಕಡ್ಡಿ ಬುಡ್ಡಿ’. “ನಿಮ್ಮ ಪ್ರೆಸ್ಸಿಗೇ ಕೊಡಿಸಿದೀನಿ, ಅಣ್ಣ. ನೀನೇ ನೋಡು. ನಿನ್ನ ಕಣ್ಣು ತಪ್ಪಿಸಿ ಒಂದು ಚುಕ್ಕೇನೂ ಹೋಗಲ್ಲ” ಎಂದು ಫೋನಿನಲ್ಲಿ ಹೇಳಿದ್ದಳು. ಏನು ಕಥೆ ಎಂದು ಅವನು ಕೇಳಿರಲಿಲ್ಲ. ಮೊದಲ ದಿನ ಓದಮ್ಮ, “ಬುಡ್ಡಿಯ ಅಪ್ಪನದು ಕನ್ನಡಕದ ಅಂಗಡಿ, ಪೂರ್ಣ, ಮನೆಯ ಮುಂದಿನ ಕೋಣೆಯೇ ಅಂಗಡಿ, ಪೂರ್ಣ” ಎಂದು ಓದಿದಾಗ ಅವನ ಅಡ್ಡಪಟ್ಟಿ ಅಲ್ಲೇ ನಿಂತಿತು. ಬುಡ್ಡಿ ಎಂದು ತಂಗಿಯನ್ನು ಕರೆಯುತ್ತಿದ್ದದ್ದು ಅವನೇ. ಕಡ್ಡಿ ಎಂಬ ಹೆಸರಿಟ್ಟವನೂ ಅವನೇ. ತಂಗಿಯ ಗೆಳತಿಯಾದ ಆ ಹುಡುಗಿ ಅಷ್ಟು ಸಣ್ಣಗಿದ್ದಳು. ಅವಳ ತಾಯಿ ಶಾಲೆಯ ಕೋಣೆಗಳನ್ನು ಗುಡಿಸುತ್ತಿದ್ದಳು. ತಾಯಿಯ ಕೆಲಸ ಮುಗಿಯುವ ತನಕ ಮಗಳು ಇವರ ಮನೆಯಲ್ಲಿ ಕೂತಿರುತ್ತಿದ್ದಳು. ಮೂವತ್ತೆಂಟು ವರ್ಷದ ಹಿಂದಿನ ಮಾತು.

ತಂಗಿ ಮನೆಯವರನ್ನೆಲ್ಲ ಎತ್ತಿ ಪುಸ್ತಕದೊಳಗೆ ಇಟ್ಟಿದ್ದಳು, ಆದರೆ ಇಡುವಾಗ ಕೈಗೆ ಬಂದಂತೆ ತಿದ್ದಿದ್ದಳು. ದಿನಕ್ಕೆ ಹತ್ತು ಮಾತಾಡದ ಅಪ್ಪ ಪುಸ್ತಕದಲ್ಲಿ ಹೊಟ್ಟೆ ಹಿಡಿದು ನಗುತ್ತಿದ್ದ. ಅಮ್ಮ ಎತ್ತರವಾಗಿದ್ದಳು, ಹಾಡುತ್ತಿದ್ದಳು. ಅಣ್ಣ ತಂಗಿ ಇಬ್ಬರೂ ಹುಟ್ಟುವ ಮೊದಲೇ ತೀರಿಕೊಂಡಿದ್ದ ಅಜ್ಜಿ ಮೂಲೆಯ ಕುರ್ಚಿಯಲ್ಲಿ ಜೀವಂತ ಕೂತು, ಗೆಳತಿಯರ ಜಗಳ ಬಿಡಿಸುತ್ತಿದ್ದಳು. ಅಣ್ಣ ಎಂಬವನೊಬ್ಬನಿದ್ದ. ಕಸುಬಿನ ಚಾಳಿಯಿಂದ ಅವನು ಎಣಿಸಿದ್ದ: ಎಂಬತ್ತು ಪುಟದಲ್ಲಿ ಅಣ್ಣ ಬಂದದ್ದು ಒಂಬತ್ತು ಸಲ, ಅದರಲ್ಲಿ ಆರು ಸಲ ಬಾಗಿಲಿಗೆ ಒರಗಿ ನಿಂತಿದ್ದ. ಎರಡು ಸಲ ಏನೋ ತಿನ್ನುತ್ತಿದ್ದ. ಒಂದು ಸಲ ಕೆಮ್ಮಿದ. ಅಜ್ಜಿಯ ಕುರ್ಚಿಗೆ ಇವನಿಗಿಂತ ಹೆಚ್ಚು ಮಾತು ಖರ್ಚಾಗಿತ್ತು. ಅದನ್ನು ಓದುತ್ತ ಅವನಿಗೆ ನಗು ಬರಬೇಕಿತ್ತು, ಬರಲಿಲ್ಲ. ನೋವಾದರೂ ಆಗಬೇಕಿತ್ತು. ಬಾಗಿಲಲ್ಲಿ ನಿಂತವನು ಒಳಗೂ ಇಲ್ಲ ಹೊರಗೂ ಇಲ್ಲ, ಅಲ್ಲಿಂದ ಎಲ್ಲವೂ ಕಾಣುತ್ತದೆ, ಯಾರೂ ಕರೆಯುವುದಿಲ್ಲ; ಹತ್ತು ವರ್ಷದ ಹುಡುಗಿಗೆ ಇದೆಲ್ಲ ಯಾವಾಗ ಕಾಣಿಸಿತು ಎಂದು ಮಾತ್ರ ಅಂದುಕೊಂಡ.

“ಇವತ್ತು ಮುಗಿದುಹೋಗುತ್ತೆ, ಹದಿನಾರೇ ಪುಟ” ಎಂದು ಓದಮ್ಮ ಬಿಸಿನೀರಿನ ಲೋಟ ಬದಿಗಿಟ್ಟರು. “ನಾಲ್ಕೂವರೆಗೆ ನಿಮ್ಮ ತಂಗಿ ಬರ್ತಾರಂತೆ, ಆಫೀಸಲ್ಲಿ ಹೇಳಿದ್ರು. ಕಟ್ಟು ಕೊಟ್ಟು ಕಳಿಸಿದ್ರೆ ನಾಳೆ ಸಹಿ ಮಾಡಿ ತಂದ್ಕೊಡ್ತಾರೆ. ಶುರು ಮಾಡ್ಲಾ?” ಅವನು ಎಂಬತ್ತೊಂದನೆಯ ಪುಟದ ಮೇಲೆ ಅಡ್ಡಪಟ್ಟಿ ಇಟ್ಟ. ಹಿಂದಿನ ಸಂಜೆ ಎಂಬತ್ತನೆಯ ಪುಟದಲ್ಲಿ ಅಪ್ಪ ಕಣ್ಣು ಪರೀಕ್ಷಿಸುವ ಪೆಟ್ಟಿಗೆಯಿಂದ ಒಂದು ಗಾಜು ಕಾಣೆಯಾಗಿತ್ತು, ಕಡ್ಡಿಗೆ ಇನ್ನು ಬರಬೇಡ ಎಂದು ಹೇಳಿಯಾಗಿತ್ತು. ಅಷ್ಟಕ್ಕೇ ಗಂಟೆ ಐದಾಗಿ ಅವರು ನಿಲ್ಲಿಸಿದ್ದರು. ಆ ಗಾಜು ನಿಜಕ್ಕೂ ಏನಾಯಿತು ಎಂಬುದು ಇಡೀ ಊರಿನಲ್ಲಿ ತನಗೊಬ್ಬನಿಗೇ ಗೊತ್ತು ಎಂದು ಅವನು ನಂಬಿದ್ದ.

ಕಪ್ಪು ಮರದ ಆ ಪೆಟ್ಟಿಗೆಯ ಒಳಗೆ ನೀಲಿ ಮಖಮಲ್ಲು. ಅದರಲ್ಲಿ ಸಾಲುಸಾಲು ಸೀಳುಗಳು, ಒಂದೊಂದು ನಂಬರಿಗೆ ಎರಡೆರಡು ಗಾಜು, ಎಡಗಣ್ಣಿಗೊಂದು ಬಲಗಣ್ಣಿಗೊಂದು, ಪ್ರತಿಯೊಂದಕ್ಕೂ ತೆಳು ಲೋಹದ ಬಳೆ, ಹಿಡಿಯಲು ಪುಟ್ಟ ಕಿವಿ. ಬಂದವರ ಮೂಗಿನ ಮೇಲೆ ಖಾಲಿ ಚೌಕಟ್ಟು ಕೂರಿಸಿ ಅಪ್ಪ ಒಂದೊಂದೇ ಗಾಜನ್ನು ಇಳಿಬಿಟ್ಟು, “ಈಗ? ಈಗ ಹೇಗಿದೆ?” ಎಂದು ಕೇಳುತ್ತಿದ್ದ. ಸಂಜೆ ಗಾಜುಗಳನ್ನು ಒರೆಸುವ ಕೆಲಸವನ್ನು ಅಪ್ಪ ಕಡ್ಡಿಗೆ ಕೊಟ್ಟಿದ್ದ. ಅವಳು ಕೂತಲ್ಲಿ ಕೂತು, ಕಿವಿ ಹಿಡಿದು, ಮೆತ್ತನೆ ಬಟ್ಟೆಯಿಂದ ಒರೆಸಿ, ದೀಪಕ್ಕೆ ಹಿಡಿದು ನೋಡಿ, ಸದ್ದಾಗದಂತೆ ಸೀಳಿಗೆ ಇಳಿಸುತ್ತಿದ್ದಳು. “ಈ ಮಗೂ ಕೈ ಎಷ್ಟು ಹಗುರ ನೋಡು” ಎಂದು ಅಪ್ಪ ದಿನದ ಹತ್ತು ಮಾತಿನಲ್ಲಿ ಒಂದನ್ನು ಅವಳಿಗೆ ಖರ್ಚು ಮಾಡುತ್ತಿದ್ದ. ನಾನೂ ಒರೆಸ್ತೀನಿ ಎಂದು ಅವನು ಒಮ್ಮೆ ಹತ್ತಿರ ಹೋದಾಗ, ಅಪ್ಪ ತಲೆಯೆತ್ತದೆ, “ನಿನ್ನ ಕೈ ಬೇಡ” ಎಂದಿದ್ದ. ಬೈದದ್ದಲ್ಲ. ಬೈದಿದ್ದರೆ ಎರಡು ದಿನದಲ್ಲಿ ಮರೆತುಹೋಗುತ್ತಿತ್ತು. ಹದಿಮೂರು ವರ್ಷದ ಅವನು ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡಿದ್ದ, ಅಲ್ಲಿ ಏನಿದೆ ಎಂದು. ಒಂದು ಶನಿವಾರ ಮಧ್ಯಾಹ್ನ ಅಪ್ಪ ಒರಗಿದ್ದಾಗ ಅದೇ ಕೈ ಪೆಟ್ಟಿಗೆಯಿಂದ ದಪ್ಪನೆಯ ಗಾಜೊಂದನ್ನು ತೆಗೆಯಿತು. ಹಿತ್ತಿಲಿನ ಬಿಸಿಲಿನಲ್ಲಿ ಹಳೆ ಕಾಗದದ ಮೇಲೆ ಬೆಳಕು ಚುಕ್ಕೆಯಾಗಿ ಕೂತು ಸಣ್ಣಗೆ ಹೊಗೆಯಾಡತೊಡಗಿದಾಗ ಅವನ ಮೈ ಎಲ್ಲಾ ಹಗುರಾಗಿತ್ತು. ಮರುಗಳಿಗೆ ಗಾಜು ಕೈಜಾರಿ ಚರಂಡಿಯ ಕಲ್ಲಿಗೆ ಬಿದ್ದು ಎರಡು ಹೋಳಾಯಿತು. ಕಾಲಿನಿಂದ ಹೋಳುಗಳನ್ನು ನೀರಿಗೆ ತಳ್ಳಿ ತಲೆಯೆತ್ತಿದರೆ, ಹಿಂಬಾಗಿಲಿನಲ್ಲಿ ಕಡ್ಡಿ ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು ನಿಂತಿದ್ದಳು.

“ಊಟಕ್ಕೆ ಎಲ್ಲರೂ ಕೂತಿದ್ದರು, ಪೂರ್ಣ” ಎಂದು ಓದಮ್ಮ ಓದುತ್ತಿದ್ದರು. “ಯಾರೂ ತಟ್ಟೆ ಮುಟ್ಟಲಿಲ್ಲ, ಪೂರ್ಣ, ಬುಡ್ಡಿಯ ಕಣ್ಣು ಊದಿಕೊಂಡಿತ್ತು, ಪೂರ್ಣ, ಹೊಸ ಪ್ಯಾರಾ. ಅಣ್ಣ ಎದ್ದು ನಿಂತ, ಪೂರ್ಣ, ಕೋಟು, ಅಪ್ಪಾ, ಆಶ್ಚರ್ಯ, ಗಾಜು ತೆಗೆದಿದ್ದು ನಾನು, ಪೂರ್ಣ.” ಅವನ ಅಡ್ಡಪಟ್ಟಿಯ ಮೇಲೆ ಆ ಮಾತಿರಲಿಲ್ಲ. ಅಲ್ಲಿ ‘ಅಣ್ಣ ಎದ್ದು ನಿಂತ ಜಾಗದಲ್ಲೇ ಮರುದಿನ ಸಂಜೆ ಕಡ್ಡಿ ಬಂದು ಕೂತಳು’ ಎಂದಿತ್ತು. ಏನಾಗಿದೆ ಎಂಬುದು ಅವನಿಗೆ ತಕ್ಷಣ ತಿಳಿಯಿತು. ಹಸ್ತಪ್ರತಿಯಲ್ಲಿ ಒಂದರ ಕೆಳಗೊಂದು ಎರಡು ಪ್ಯಾರಾ ‘ಅಣ್ಣ ಎದ್ದು ನಿಂತ’ ಎಂದೇ ಶುರುವಾಗಿವೆ. ಟೈಪು ಮಾಡುವವನ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಜಾರಿ, ನಡುವಿನದೆಲ್ಲ ಬಿಟ್ಟುಹೋಗಿದೆ. ಈ ಕಸುಬಿನಲ್ಲಿ ಎಲ್ಲಕ್ಕಿಂತ ಹಳೆಯ ತಪ್ಪು ಇದು. ಇಬ್ಬರು ಕೂತು ಓದುವ ಪದ್ಧತಿ ಇರುವುದೇ ಇದಕ್ಕಾಗಿ. ಒಬ್ಬನೇ ಓದಿದರೆ ಹರಿದದ್ದು ಗೊತ್ತೇ ಆಗುವುದಿಲ್ಲ, ಹೊಲಿಗೆ ಅಷ್ಟು ಸಪಾಟು. ಆಗ ಅವನು “ನಿಲ್ಲಿ” ಎನ್ನಬೇಕು. ಸಾವಿರ ಸಲ ಅಂದಿದ್ದ. “ಬಿಸಿಲಿಗೆ ಹಿಡಿದು ಕಾಗದ ಸುಡೋಣ ಅಂತ ತಗೊಂಡೆ, ಪೂರ್ಣ, ಕೈಜಾರಿ ಒಡೆದುಹೋಯ್ತು, ಪೂರ್ಣ, ಕಡ್ಡಿ ಅದನ್ನ ಮುಟ್ಟಿಲ್ಲ, ಪೂರ್ಣ, ಕೋಟು ಮುಗೀತು.” ಅವನು ನಿಲ್ಲಿ ಎನ್ನಲಿಲ್ಲ. ಪೆನ್ನು ಗಾಳಿಯಲ್ಲಿತ್ತು. ಓದಮ್ಮ ಒಂದೇ ಎತ್ತರದ ದನಿಯಲ್ಲಿ, ಅಪ್ಪ ಎದ್ದು ಬಂದು ಅಣ್ಣನ ಎರಡೂ ಕೈಗಳನ್ನು ತೆರೆದು ನೋಡಿ, ‘ಕುಯ್ದಿಲ್ಲ ತಾನೆ?’ ಎಂದದ್ದನ್ನೂ, ಕತ್ತಲಾಗುವ ಮೊದಲೇ ಅಣ್ಣ ಕಡ್ಡಿಯ ಮನೆಗೆ ಓಡಿದ್ದನ್ನೂ ಓದಿದರು. ಹನ್ನೊಂದು ಸಾಲು. ಮತ್ತೆ ದನಿಯೂ ಕಾಗದವೂ ಕೂಡಿಕೊಂಡವು, ಕಡ್ಡಿ ಬಂದು ಕೂತಳು, ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು. ಓದಮ್ಮ ಪುಟ ತಿರುಗಿಸಿದರು. ಅವನೂ ತಿರುಗಿಸಿದ.

ನಡೆದದ್ದು ಹಾಗಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಪ್ಪ ಮೂವರನ್ನೂ ಅಂಗಡಿಯ ಕೋಣೆಯಲ್ಲಿ ಸಾಲಾಗಿ ನಿಲ್ಲಿಸಿ, ಯಾರು ತೆಗೆದದ್ದು ಎಂದು ಮೂರು ಸಲ ಕೇಳಿದ. ಕಡ್ಡಿ ತನ್ನ ಕಾಲನ್ನೇ ನೋಡುತ್ತಿದ್ದಳು. ಅವನೂ ಅವಳ ಕಾಲನ್ನೇ ನೋಡುತ್ತಿದ್ದ. ಅವಳ ಎಡಗಾಲಿನ ಚಪ್ಪಲಿಯ ಬಾರಿಗೆ ಪಿನ್ನು ಸಿಕ್ಕಿಸಿದ್ದಳು. ಪಿನ್ನಿನ ಬಾಯಿ ಬಿಟ್ಟುಕೊಂಡಿತ್ತು, ಎಲ್ಲಿ ಅವಳಿಗೆ ಚುಚ್ಚುತ್ತದೋ ಎಂದು ಅವನು ಅದನ್ನೇ ಯೋಚಿಸಿದ್ದ. ಆ ಹೊತ್ತಿನಲ್ಲಿ ಅದೊಂದೇ ದೊಡ್ಡ ವಿಷಯವಾಗಿತ್ತು. ಅವಳೊಂದು ಮಾತು ಹೇಳಿದ್ದರೆ ಸಾಕಿತ್ತು. ಕಂಡವಳು ಅವಳು. ಪೆಟ್ಟಿಗೆ ಮುಟ್ಟುವವಳೂ ಅವಳೊಬ್ಬಳೇ, ಹಾಗಾಗಿ ಅಪ್ಪನ ಕಣ್ಣು ಕೊನೆಗೆ ಅವಳ ಮೇಲೆ ನಿಂತಿತು. “ನಾಳೆಯಿಂದ ಬರೋದು ಬೇಡಮ್ಮ” ಎಂದ, ಮೆಲ್ಲಗೆ. ಅವಳು ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಪೆಟ್ಟಿಗೆಯ ಪಕ್ಕ ಇಟ್ಟು ಹೋದಳು. ತಿರುಗಿ ನೋಡಲಿಲ್ಲ. ಎರಡು ತಿಂಗಳಲ್ಲಿ ಅವಳ ತಾಯಿಗೆ ಬೇರೆ ಊರಲ್ಲಿ ಕೆಲಸವಾಯಿತು. ಬುಡ್ಡಿ ಒಂದು ದಿನ ಊಟ ಮಾಡಲಿಲ್ಲ, ಮರುದಿನ ಮಾಡಿದಳು. ಅಪ್ಪ ಆ ಗಾಜನ್ನು ಮತ್ತೆ ತರಿಸಲಿಲ್ಲ. ಆ ನಂಬರಿನವರು ಬಂದರೆ ಉಳಿದ ಒಂದನ್ನೇ ಎಡಗಣ್ಣಿಗೆ ಹಾಕಿ ಓದಿಸಿ, ತೆಗೆದು, ಬಲಗಣ್ಣಿಗೆ ಹಾಕಿ ಓದಿಸುತ್ತಿದ್ದ. “ಎರಡೂ ಕಣ್ಣಲ್ಲಿ ಒಟ್ಟಿಗೆ ನೋಡೋದು ಯಾವಾಗ ಸ್ವಾಮಿ?” ಎಂದು ಮುದುಕರು ನಗುತ್ತಿದ್ದರು. “ಕನ್ನಡಕ ಬಂದ ದಿನ” ಎನ್ನುತ್ತಿದ್ದ ಅಪ್ಪ. ಪೆಟ್ಟಿಗೆ ತೆರೆದಾಗಲೆಲ್ಲ ಆ ಖಾಲಿ ಸೀಳು ಕಾಣುತ್ತಿತ್ತು. ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಯಿತು. ಕೊನೆಯ ದಿನಗಳಲ್ಲಿ ಹಾಸಿಗೆಯ ಪಕ್ಕ ಕೂತು ಹೇಳೋಣ ಅಂದುಕೊಂಡಿದ್ದ, ಅಪ್ಪನೇ ಏನೋ ಹೇಳಲು ಬಾಯಿ ತೆರೆದು ನೀರು ಕೇಳಿದ. ನೀರು ತರಲು ಎದ್ದವನು ತಂದ ಮೇಲೆ ಹೇಳಲಿಲ್ಲ.

“ಏನ್ರೀ ಇದು, ಇಷ್ಟುದ್ದ ಓದಿದೀನಿ, ಒಂದು ಕಡೆನೂ ನಿಲ್ಲಿ ಅಂದಿಲ್ಲ” ಎಂದು ಓದಮ್ಮ ಮಧ್ಯಾಹ್ನ ಬುತ್ತಿ ಬಿಚ್ಚುತ್ತ ಹೇಳಿದರು. “ಟೈಪು ಮಾಡೋ ಹುಡುಗನಿಗೆ ಜ್ಞಾನೋದಯ ಆಯ್ತೋ, ನಿಮಗೆ ನಿದ್ದೆ ಬಂತೋ?” ಅವನು, ಇವತ್ತು ಒಳ್ಳೇ ಟೈಪಾಗಿದೆ ಎಂದ. ಆ ಸುಳ್ಳು ಬಾಯಿಯಿಂದ ಎಷ್ಟು ಸಲೀಸಾಗಿ ಬಂತು ಎಂಬುದೂ ಅವನಿಗೆ ತಟ್ಟಲಿಲ್ಲ. ಬೆಳಗಿನಿಂದ ಒಂದು ವಾದ ತನ್ನಷ್ಟಕ್ಕೆ ಒಳಗೆ ನಡೆಯುತ್ತಿತ್ತು, ಪಕ್ಕದ ಮನೆಯ ಮಾತು ಗೋಡೆಯಿಂದ ಕೇಳಿದ ಹಾಗೆ. ಬುಡ್ಡಿಗೆ ಎಲ್ಲಾ ಗೊತ್ತಿದೆ. ಬಿಸಿಲು, ಕಾಗದ, ಕೈಜಾರಿದ್ದು, ಎಲ್ಲಾ ಗೊತ್ತಿದ್ದೂ ಮೂವತ್ತೆಂಟು ವರ್ಷ ಇವನ ಜೊತೆ ಕೂತು ಉಂಡಿದ್ದಾಳೆ, ಅಣ್ಣ ಎಂದು ಕರೆದಿದ್ದಾಳೆ. ಈಗ ಬೈಯುವ ಬದಲು, ಅವನು ಮಾಡದ ಒಳ್ಳೆಯ ಕೆಲಸವೊಂದನ್ನು ಹೊಲಿದು ತೊಡಿಸುತ್ತಿದ್ದಾಳೆ. ಆ ಹನ್ನೊಂದು ಸಾಲು ಸುಳ್ಳು. ಬಿಟ್ಟುಹೋದರೆ ಉಳಿಯುವುದೇ ನಿಜ: ಅಣ್ಣ ಎದ್ದು ನಿಂತ, ಅಷ್ಟೆ. ಬಿಟ್ಟುಬಿಡುವುದೇ ಪ್ರಾಮಾಣಿಕತೆಯಲ್ಲವೇ? ವಾದ ಚೆನ್ನಾಗಿತ್ತು. ಚುಕ್ಕೆ ಅಲ್ಪವಿರಾಮ ಎಲ್ಲಾ ಸರಿಯಾಗಿದ್ದವು. ಅದಕ್ಕೇ ಅವನಿಗೆ ನಂಬಿಕೆ ಬರಲಿಲ್ಲ.

ಓದಮ್ಮ ತುತ್ತು ನುಂಗಿ, “ನಾನು ಓದೋದು ಬಾಯಲ್ಲಿ, ತಲೇಲಿ ಅಲ್ಲ, ನಿಮಗೇ ಗೊತ್ತಲ್ಲ” ಎಂದರು. “ನಿನ್ನೆ ಓದಿದ್ದು ಇವತ್ತು ನೆನಪಿರಲ್ಲ. ಆದ್ರೆ ಈ ಪುಸ್ತಕದಲ್ಲಿ ಆ ಅಣ್ಣ ಇದಾನಲ್ಲ, ಯಾಕೋ ಅವನೊಬ್ಬ ಉಳ್ಕೊಂಡ. ಪುಸ್ತಕ ಪೂರ್ತಿ ಬಾಗಿಲಲ್ಲಿ ನಿಂತಿರ್ತಾನೆ ಪಾಪ. ಒಳಗೆ ಬಾರೋ ಅಂತ ಒಬ್ಬರಾದ್ರೂ ಕರೀಬಾರ್ದಾ ಅಂತ ಎರಡು ದಿನದಿಂದ ಅಂದ್ಕೊಳ್ತಿದ್ದೆ. ಇವತ್ತು ತಾನಾಗೇ ಬಂದ ನೋಡಿ.”

“ಎಲ್ಲಿಗೆ?”

“ಒಳಕ್ಕೆ! ತಪ್ಪು ಒಪ್ಕೊಂಡನಲ್ಲ, ಅಲ್ಲಿಗೆ. ಏನ್ರೀ ನೀವು, ನಿಜವಾಗ್ಲೂ ನಿದ್ದೆನೇ ಮಾಡಿದ್ರಾ?” ಓದಮ್ಮ ನಕ್ಕು, ಕೈ ತೊಳೆಯಲು ಎದ್ದು ಹೋದರು.

ಅವನು ಎಂಬತ್ತೊಂದನೆಯ ಹಾಳೆಯನ್ನು ಹೊರಗೆ ತೆಗೆದ. ಮೂರು ಸಾಲಿಗಿಂತ ಹೆಚ್ಚು ಬಿಟ್ಟುಹೋಗಿದ್ದರೆ ಅಂಚಿನಲ್ಲಿ ಬರೆಯುವಂತಿಲ್ಲ. ಬೇರೆ ಚೀಟಿಯಲ್ಲಿ ಬರೆದು ಅಂಟಿಸಬೇಕು. ಚೀಟಿ ಕತ್ತರಿಸಿಕೊಂಡ. ಹಸ್ತಪ್ರತಿಯನ್ನು ಎಡಕ್ಕೆ ಇಟ್ಟುಕೊಂಡ. ತಂಗಿಯ ಅಕ್ಷರ ದುಂಡಗೆ, ಕರಿಹಲಗೆಯ ಮೇಲೆ ಬರೆದ ಹಾಗೆ ಇತ್ತು. ಇಪ್ಪತ್ತೇಳು ವರ್ಷ ಅವನ ಕೈ ಬರೆದದ್ದೆಲ್ಲ ಬೇರೆಯವರ ಅಕ್ಷರ, ಒಂದು ಕೊಂಬು, ಒಂದು ಒತ್ತು, ಒಂದು ಸೊನ್ನೆ. ಪೂರ್ತಿ ವಾಕ್ಯ ಬರೆದ ನೆನಪೇ ಇರಲಿಲ್ಲ. ‘ಅಪ್ಪಾ! ಗಾಜು ತೆಗೆದಿದ್ದು ನಾನು’ ಎಂದು ಬರೆದ. ಏನಾದರೂ ಆಗುತ್ತದೆಂದು ಕಾದ. ಅಂಗಳದಲ್ಲಿ ಯಾರೋ ರೀಮು ಇಳಿಸಿದ ಸದ್ದು ಬಂತು, ಅಷ್ಟೆ. ಮುಂದೆ ಬರೆದ. ‘ಕೈಜಾರಿ ಒಡೆದುಹೋಯ್ತು. ಕಡ್ಡಿ ಅದನ್ನ ಮುಟ್ಟಿಲ್ಲ.’ ಅಲ್ಲಿ ಕೋಟು ಮುಚ್ಚಬೇಕಿತ್ತು. ಪೆನ್ನು ಮುಚ್ಚಲಿಲ್ಲ. ಹಸ್ತಪ್ರತಿಯಲ್ಲಿಲ್ಲದ ಒಂದು ಸಾಲನ್ನು ಅದೇ ಮಸಿಯಲ್ಲಿ, ಅದೇ ಗಾತ್ರದಲ್ಲಿ ಕೈ ಬರೆಯುತ್ತಿರುವುದನ್ನು ಅವನು ನೋಡುತ್ತ ಕೂತ: ‘ಅವಳು ಹಿಂಬಾಗಿಲಲ್ಲಿ ನಿಂತು ನೋಡಿದಳು, ಆದರೂ ಹೇಳಲಿಲ್ಲ.’ ಕರಡು ತಿದ್ದುವವನು ಮಾಡಬಾರದ ಕೆಲಸ ಒಂದೇ ಒಂದಿದೆ, ತನ್ನ ಮಾತು ಸೇರಿಸುವುದು. ಹೊಸದಾಗಿ ಸೇರಿದವರಿಗೆಲ್ಲ ಅವನೇ ಅದನ್ನು ಹೇಳಿಕೊಡುತ್ತಿದ್ದ. ಕೋಟು ಮುಚ್ಚಿ, ಉಳಿದದ್ದನ್ನು ಇದ್ದ ಹಾಗೇ ನಕಲು ಮಾಡಿ, ಅಂಟು ಹಚ್ಚಿ ಚೀಟಿಯನ್ನು ಹಾಳೆಯ ಅಂಚಿಗೆ ಒತ್ತಿದ. ಕೈ ತೊಳೆದು ಬಂದ ಓದಮ್ಮ ಚೀಟಿ ನೋಡಿದರು, ಅವನ ಮುಖ ನೋಡಿದರು, ಎಂಬತ್ತೊಂಬತ್ತನೆಯ ಪುಟದಿಂದ ಓದತೊಡಗಿದರು.

ತಂಗಿ ನಾಲ್ಕೂವರೆಗೇ ಬಂದಳು, ಶಾಲೆಯಿಂದ ನೇರವಾಗಿ, ತೋಳಿನ ಮೇಲೆ ಸೀಮೆಸುಣ್ಣದ ಪುಡಿಯೊಂದಿಗೆ. ಓದಮ್ಮ, “ಕೂತ್ಕೊಳ್ಳಮ್ಮ, ಚೆನ್ನಾಗಿ ಬರೆದಿದೀಯ, ನನಗೇ ಕಥೆ ಅರ್ಥ ಆಯ್ತು” ಎಂದು ತಮ್ಮ ಕುರ್ಚಿ ಬಿಟ್ಟುಕೊಟ್ಟು ಚೀಲ ಎತ್ತಿಕೊಂಡು ಹೊರಟರು. ಅವನು ಕಟ್ಟಿಗೆ ದಾರ ಸುತ್ತಿ ಗಂಟು ಹಾಕಿದ. “ಬೇಜಾರಾಯ್ತಾ ಅಣ್ಣ?” ಎಂದಳು ತಂಗಿ. “ಯಾಕೆ?” “ಸುಮ್ನೆ ಕೇಳ್ದೆ. ನಿನ್ನನ್ನ ಬಾಗಿಲಲ್ಲೇ ನಿಲ್ಲಿಸಿಬಿಟ್ಟೆ. ಬರೆಯೋಕೆ ಕೂತರೆ ನೀನು ಅಲ್ಲೇ ಕಾಣಿಸ್ತೀಯ, ಏನ್ಮಾಡ್ಲಿ. ಒಳಗೆ ಕರೆದರೆ ಏನು ಕೆಲಸ ಕೊಡೋದು ಅಂತ ಗೊತ್ತಾಗ್ತಿರ್ಲಿಲ್ಲ.” ಅವನು ಗಂಟಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡ. “ಕೊನೇಲಿ ಕೊಟ್ಟಿದೀಯಲ್ಲ” ಎಂದ.

“ಓ, ಅದಾ?” ತಂಗಿ ನಕ್ಕಳು. “ಅದು ಕಥೆಗೆ ಬೇಕಾಗಿತ್ತು ಅಣ್ಣ. ಕಡ್ಡಿ ವಾಪಸ್ ಬರ್ಬೇಕು, ಮಕ್ಕಳ ಪುಸ್ತಕ ಅಲ್ವಾ. ವಾಪಸ್ ಬರ್ಬೇಕಾದ್ರೆ ಯಾರಾದ್ರೂ ಒಡೆದಿರ್ಬೇಕು. ಅಪ್ಪನ ಕೈಲಿ ಹೇಳ್ಸಕ್ಕಾಗಲ್ಲ, ಅಮ್ಮ ಪೆಟ್ಟಿಗೆ ಮುಟ್ಟಲ್ಲ, ಅಜ್ಜಿಗೆ ಎದ್ದು ನಿಲ್ಲಕ್ಕೇ ಆಗಲ್ಲ. ನೀನೊಬ್ಬ ಖಾಲಿ ಇದ್ದೆ.”

“ಕಾಗದ ಸುಟ್ಟಿದ್ದು?”

“ಭೂತಗನ್ನಡಿ ಸಿಕ್ಕಿದ್ರೆ ಹುಡುಗರು ಇನ್ನೇನು ಮಾಡ್ತಾರೆ? ನನ್ನ ಕ್ಲಾಸಲ್ಲಿ ದಿನಾ ನೋಡ್ತೀನಲ್ಲ.” ತಂಗಿ ಅಂಗೈಯಲ್ಲಿದ್ದ ಸೀಮೆಸುಣ್ಣ ಉಜ್ಜಿಕೊಂಡಳು. ನಗು ಮೆಲ್ಲಗೆ ಇಳಿಯಿತು. “ನಿಜ ಹೇಳ್ಲಾ? ಅವಳೇ ತೆಗೆದಿದ್ದು ಅಂತ್ಲೇ ನಾನು ನಂಬಿದ್ದೆ, ಅಣ್ಣ. ಆಗ್ಲೂ, ಈಗ್ಲೂ. ಅಪ್ಪ ಸುಮ್ಮಸುಮ್ಮನೆ ಹೇಳೋರಲ್ಲವಲ್ಲ. ಕೊನೆ ದಿನ ಅವಳು ಶಾಲೇಲಿ ಮಾತಾಡ್ಸಕ್ಕ್ ಬಂದ್ಳು, ನಾನು ಮುಖ ತಿರುಗಿಸ್ಕೊಂಡೆ. ಪುಸ್ತಕದಲ್ಲಾದ್ರೂ ಅವಳು ತೆಗೆದಿರಬಾರದು ಅನ್ನಿಸ್ತು. ಅದಕ್ಕೇ ಇಷ್ಟೆಲ್ಲಾ ಬರೆದಿದ್ದು.”

ಹಾಗಾದರೆ ಬುಡ್ಡಿಗೆ ಏನೂ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಬೆಳಗಿನಿಂದ ತನ್ನನ್ನೇ ನೋಡುತ್ತಿವೆ ಎಂದು ಅವನು ಅಂದುಕೊಂಡಿದ್ದ ಬುಡ್ಡಿಯ ಆ ಎರಡು ಕಣ್ಣು ಇರಲೇ ಇಲ್ಲ. ಕೆಲಸವಿಲ್ಲದ ಒಂದು ಪಾತ್ರ ಬಾಗಿಲಲ್ಲಿ ನಿಂತಿತ್ತು, ಕಥೆಗೆ ಒಂದು ಕೈ ಬೇಕಾಗಿತ್ತು, ಅಷ್ಟೆ. ಎಂಥದೋ ಹಗುರ ಅವನ ಹೆಗಲಿನವರೆಗೆ ಬಂದು ನಿಂತಿತು. ಚೀಟಿಯನ್ನು ಇನ್ನೂ ಕೀಳಬಹುದು. ಒಂದು ತಪ್ಪಾಗಿದೆ, ಸರಿ ಮಾಡಿ ಕೊಡ್ತೀನಿ ಎಂದರೆ ಮುಗಿಯಿತು. ಹನ್ನೊಂದು ಸಾಲು ಹನ್ನೊಂದಾಗಿಯೇ ಅಚ್ಚಾಗುತ್ತದೆ, ಮಕ್ಕಳು ಓದುತ್ತಾರೆ, ಆ ಅಣ್ಣ ಒಳ್ಳೆಯವನು ಎನ್ನುತ್ತಾರೆ. ಕಡ್ಡಿ ಮಾತ್ರ ಬುಡ್ಡಿಯ ಮನಸ್ಸಿನಲ್ಲಿ ಕೊನೆಯವರೆಗೂ ಕದ್ದವಳೇ ಆಗಿರುತ್ತಾಳೆ, ಕಥೆಯಲ್ಲಿ ಮಾತ್ರ ಬಿಡುಗಡೆಯಾದವಳು. ದೇವರು ಮನುಷ್ಯನಿಗೆ ಒಂದೇ ಬಾಗಿಲನ್ನು ಎರಡು ಸಲ ತೆರೆಯುವುದು ಅಪರೂಪ, ತೆರೆದಾಗ ಗಾಳಿಯೂ ಬೀಸುವುದಿಲ್ಲ, ಬೆಳಕೂ ಬೀಳುವುದಿಲ್ಲ; ಆ ದಿನದ ಆಕಾಶದ ಹಾಗೆ ಸುಮ್ಮನೆ ಇರುತ್ತದೆ.

“ಎಂಬತ್ತೊಂದನೇ ಪುಟ ನೋಡು” ಎಂದ. “ಅಲ್ಲಿ ಬಿಟ್ಟುಹೋಗಿತ್ತು. ಚೀಟಿ ಅಂಟಿಸಿದೀನಿ.”

ತಂಗಿ ಕಟ್ಟಿನ ಹಾಳೆಗಳನ್ನು ದಾರದ ಸಡಿಲದಲ್ಲೇ ಬೆರಳಿನಿಂದ ಸರಿಸಿ, ತಲೆ ಬಗ್ಗಿಸಿ ಓದಿದಳು. ಮಕ್ಕಳ ಉತ್ತರಪತ್ರಿಕೆ ಓದುವ ಹಾಗೆ ತುಟಿ ಆಡಿಸುತ್ತ ಓದಿ, ಒಂದು ಕಡೆ ನಿಂತಳು. ಹಿಂದಕ್ಕೆ ಹೋಗಿ ಮತ್ತೆ ಓದಿದಳು.

“ಇಲ್ಲೊಂದು ಸಾಲು ನಂದಲ್ಲ.”

“ಅಲ್ಲ.”

“ಮತ್ತೆ?”

“ನಂದು.”

ಅವಳು ತಲೆಯೆತ್ತಲಿಲ್ಲ. ಬೆರಳು ಆ ಸಾಲಿನ ಕೆಳಗೇ ಇತ್ತು. ಅಂಗಳದಲ್ಲಿ ಲಾರಿಯೊಂದು ಹಿಂದಕ್ಕೆ ಸರಿಯುತ್ತ ಪೀಂ ಪೀಂ ಎನ್ನುತ್ತಿತ್ತು. ಅದು ನಿಂತಿತು.

“ಎಲ್ಲಿ ಬಿತ್ತು?” ಎಂದು ಕೇಳಿದಳು.

“ಹಿಂದೆ. ಚರಂಡಿ ಕಲ್ಲಿನ ಮೇಲೆ. ಎರಡು ಹೋಳಾಯ್ತು.”

“ಅವಳು ನೋಡಿದ್ಲಾ?”

“ನೋಡಿದ್ಲು.”

“ಅಪ್ಪ ಮೂರು ಸಲ ಕೇಳಿದ್ರು.”

“ಹ್ಞೂಂ.”

“ಮೂರು ಸಲ ಕೇಳಿದ್ರಲ್ಲೋ ಅಣ್ಣ.” ಅವಳ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಏನಾದರೂ ತಟ್ಟುತ್ತಿತ್ತೇನೋ. ಹೆಗಲಿನವರೆಗೆ ಬಂದಿದ್ದ ಹಗುರ ಎಲ್ಲೋ ಹೋಗಿತ್ತು, ಅದರ ಜಾಗಕ್ಕೆ ಭಾರವೂ ಬಂದಿರಲಿಲ್ಲ. ಕ್ಷಮೆ ಕೇಳುವ ಮಾತಿಗಾಗಿ ಹುಡುಕಿದ. ತಿದ್ದುವುದಕ್ಕೆ ಹಿಡಿದ ಹಾಳೆಯಲ್ಲಿ ಅಕ್ಷರವೇ ಇಲ್ಲದಂತೆ ಇತ್ತು. ತಂಗಿ ಕನ್ನಡಕ ತೆಗೆದು ಸೆರಗಿನಿಂದ ಬಹಳ ಹೊತ್ತು ಒರೆಸಿದಳು.

“ಅವಳು ಇರೋ ಊರು ನನಗೆ ಗೊತ್ತು” ಎಂದಳು. “ಎರಡು ವರ್ಷ ಆಯ್ತು ಗೊತ್ತಾಗಿ. ಬಸ್ಸಲ್ಲಿ ನಾಲ್ಕು ಗಂಟೆ ದಾರಿ. ಏನಂತ ಹೋಗ್ಲಿ ಅಂತ ಸುಮ್ನಿದ್ದೆ.”

“ನಾನೂ ಬರ್ತೀನಿ.”

“ನೀನು ಆಮೇಲೆ ಬಾ. ಮೊದಲು ನಾನು ಹೋಗ್ಬೇಕು. ನೀನು ಸುಮ್ನಿದ್ದೆ, ಸರಿ. ನಾನು ನಂಬಿದ್ನಲ್ಲ.” ಕನ್ನಡಕ ಹಾಕಿಕೊಂಡಳು. “ಈ ಹಾಳೆ ಒಂದನ್ನ ಅವಳಿಗೆ ತೋರಿಸ್ಬೇಕು. ಕಟ್ಟು ನಾಳೆ ಬಂದು, ಇದು ನಾಡಿದ್ದು ಬಂದ್ರೂ ನಡೆಯುತ್ತಾ?”

ಒಮ್ಮೆ ಗಂಟು ಹಾಕಿದ ಕಟ್ಟಿನಿಂದ ಒಂದೇ ಹಾಳೆಯನ್ನು ಹೊರಗೆ ಕೊಡುವಂತಿಲ್ಲ; ಇಷ್ಟು ವರ್ಷದಲ್ಲಿ ಯಾರಿಗೂ ಕೊಟ್ಟಿರಲಿಲ್ಲ. “ನಾಡಿದ್ದು ನಡೆಯುತ್ತೆ” ಎಂದ. ಗಂಟು ಬಿಗಿಯಾಗಿತ್ತು, ಉಗುರಿನಿಂದ ಬಿಡಿಸಬೇಕಾಯಿತು. ಎಂಬತ್ತೊಂದನೆಯ ಹಾಳೆಯನ್ನು ಬೇರೆ ಮಾಡಿ, ಚೀಟಿ ಮಡಿಚಿಕೊಳ್ಳದಂತೆ ಬೆರಳು ಕೊಟ್ಟು, ಎರಡೂ ಕೈಯಲ್ಲಿ ಹಿಡಿದು ತಂಗಿಗೆ ಕೊಟ್ಟ.